ಆಟಿಯ ಮಳೆ, ಲ್ಯಾಪ್‌ಟಾಪಿನಲ್ಲಿ ಕ್ಷುದ್ರಗ್ರಹ ಪಟ್ಟಿ

ಜುಲೈ 19

ಉಡುಪಿಯಲ್ಲಿ ಆಟಿ, ಅಂದರೆ ತುಳುವರ ಜಡಿಮಳೆಯ ತಿಂಗಳು, ಶುರುವಾಯಿತು. ಇನ್ನು ಆಕಾಶ ನೋಡುವ ಮಾತೇ ಇಲ್ಲ. ಬೂಸ್ಟು ಹಿಡಿಯದಿರಲಿ ಎಂದು ಟೆಲಿಸ್ಕೋಪನ್ನು ಕಟ್ಟಿ ಕಪಾಟಿನೊಳಗೆ ಇಟ್ಟೆ. ಸುಮ್ನೆ ಕೂರುವ ಬದಲು ಲ್ಯಾಪ್‌ಟಾಪಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಕಕ್ಷೆಗಳ ಲೆಕ್ಕ ಹಾಕುವ ರೀಬೌಂಡ್ ಎಂಬ ಉಚಿತ ಕೋಡ್ ಲೈಬ್ರರಿ ಹಾಕಿಕೊಂಡು, ಮಂಗಳ-ಗುರುಗಳ ನಡುವೆ ಸೂರ್ಯನನ್ನು ಸುತ್ತುವ ಕಲ್ಲುಗಳ ರಾಶಿಯಾದ ಕ್ಷುದ್ರಗ್ರಹ ಪಟ್ಟಿಯ ಒಂದು ಮಾದರಿ ಮಾಡಲು ಕೂತಿದ್ದೇನೆ. ಸೂರ್ಯ, ಮಂಗಳ, ಗುರು, ಜೊತೆಗೆ 600 ಕಲ್ಲುಗಳು. ಭೂಮಿ-ಸೂರ್ಯರ ದೂರ 1 ಎಂದರೆ, ಕಲ್ಲುಗಳು 2.1ರಿಂದ 3.3ರವರೆಗೆ. ಗುರು 5.2ರಲ್ಲಿ.

ಚಿಕ್ಕಂದಿನಲ್ಲಿ ಕೇಳಿದ್ದು ಬೇರೆ ಕತೆ. ಅಲ್ಲೊಂದು ಗ್ರಹ ಇತ್ತು, ಒಡೆದು ಚೂರಾಯಿತು ಅಂತ. ಆದರೆ ಈಗ ಅಲ್ಲಿರುವ ಕಲ್ಲನ್ನೆಲ್ಲ ಒಟ್ಟು ಮಾಡಿದರೂ ಚಂದ್ರನ ತೂಕದ ಶೇ. 3ರಷ್ಟೇ. ಅದರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಅಲ್ಲಿನ ಅತಿ ದೊಡ್ಡ ಕಾಯ ಸೀರಿಸ್ ಒಂದೇ. ಗ್ರಹ ಒಡೆದದ್ದಲ್ಲ, ಕೂಡಿಕೊಳ್ಳಲೇ ಇಲ್ಲ. ಗುರು ಕಲಕಿಬಿಟ್ಟ. ಈಗ ಅಲ್ಲಿನ ಕಲ್ಲುಗಳು ಢಿಕ್ಕಿ ಹೊಡೆಯುವುದು ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ. ಆ ಹೊಡೆತಕ್ಕೆ ಅಂಟಿಕೊಳ್ಳುವುದೆಲ್ಲಿ ಬಂತು!

ಜುಲೈ 23

ಮೊದಲ ಓಟ ದಂಡ. ಪಟ್ಟಿಯಲ್ಲಿ ಕೆಲವು ದೂರಗಳಲ್ಲಿ ಕಲ್ಲುಗಳೇ ಇಲ್ಲವೆಂದು ಖಗೋಳ ವಿಜ್ಞಾನಿ ಡೇನಿಯಲ್ ಕರ್ಕ್‌ವುಡ್ 1866ರಲ್ಲಿ ತೋರಿಸಿದ ಆ ಖಾಲಿ ಜಾಗಗಳು ಕಾಣಲೇ ಇಲ್ಲ. ಎರಡು ದಿನ ತಲೆಕೆರೆದುಕೊಂಡ ಮೇಲೆ ತಪ್ಪು ಸಿಕ್ಕಿತು. ಕಲ್ಲು ಆ ಹೊತ್ತಿಗೆ ಸೂರ್ಯನಿಂದ ಎಷ್ಟು ದೂರ ಇದೆ ಎಂದು ಗ್ರಾಫ್ ಹಾಕಿದ್ದೆ. ಕಕ್ಷೆಗಳು ದುಂಡಗಿಲ್ಲ ಅಲ್ವಾ? ಪಕ್ಕದ ಕಲ್ಲುಗಳು ಒಳಗೆ ಹೊರಗೆ ಹೋಗಿಬರುತ್ತಾ ಆ ಜಾಗವನ್ನು ತುಂಬಿಬಿಡುತ್ತವೆ. ಹಾಕಬೇಕಿದ್ದದ್ದು ಪ್ರತಿ ಕಕ್ಷೆಯ ದೀರ್ಘಾಕ್ಷದ, ಅಂದರೆ ಅದರ ಉದ್ದನೆಯ ಅಡ್ಡಗೆರೆಯ, ಅರ್ಧ.

ಜುಲೈ 24

ಗ್ರಾಫ್ ಸರಿಮಾಡಿದರೂ ಖಾಲಿ ಇಲ್ಲ! ಈ ಸಲದ ತಪ್ಪು ಗುರುವಿನದ್ದು, ಅಂದರೆ ನನ್ನದೇ. ಅವನಿಗೆ ಪೂರ್ತಿ ದುಂಡು ಕಕ್ಷೆ ಕೊಟ್ಟಿದ್ದೆ. ನಿಜವಾದದ್ದು ಸ್ವಲ್ಪ ಚಪ್ಪಟೆ. ಪೂರ್ತಿ ದುಂಡಗಿದ್ದರೆ 0 ಎನ್ನುವ ಅಳತೆಯಲ್ಲಿ 0.048. ಇಷ್ಟು ಚಿಕ್ಕ ಸಂಖ್ಯೆ ಏನು ಮಾಡೀತು ಎಂದುಕೊಂಡಿದ್ದೆ.

2.5ರಲ್ಲಿರುವ ಕಲ್ಲು ಮೂರು ಸುತ್ತು ಬರುವಾಗ ಗುರು ಒಂದು ಸುತ್ತು ಬರುತ್ತಾನೆ. ಅಪ್ಪಯ್ಯ ರಥಬೀದಿಯಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ನಾನು ಮೂರು ಸುತ್ತು ಮುಗಿಸಿದರೆ ಅವರನ್ನು ಎರಡು ಸಲ ದಾಟುತ್ತೇನೆ. ಪ್ರತಿ ಸುತ್ತಿನಲ್ಲೂ ಅವೇ ಎರಡು ಜಾಗ, ಎದುರುಬದುರು. ಅಲ್ಲೇ ಪ್ರತಿ ಸಲ ಒಂದು ಚಿಕ್ಕ ಎಳೆತ. ಗುರುವಿನ ಕಕ್ಷೆ ದುಂಡಗಿದ್ದರೆ ಈ ಎಳೆತದಿಂದ ಹೆಚ್ಚೇನೂ ಆಗುವುದಿಲ್ಲ. ಚಪ್ಪಟೆಯಾದರೆ ಕಲ್ಲಿನ ಹಾದಿಯೂ ಉದ್ದಕ್ಕೆ ಎಳೆಯುತ್ತಾ ಹೋಗುತ್ತದೆ. ಕಲ್ಲಿನ ಹಾದಿಯ ಚಪ್ಪಟೆತನ ಒಮ್ಮೆ 0.33 ದಾಟಿತೋ, ಮಂಗಳನ ದಾರಿಗೆ ಅಡ್ಡ ಬಂದ ಹಾಗೆ. ಅದು ಹಾಗೆ ದಿಢೀರನೆ ಜಿಗಿಯುತ್ತದೆ ಎಂದು ವಿಜ್ಞಾನಿ ಜ್ಯಾಕ್ ವಿಸ್ಡಮ್ 1980ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದರು.

ಮಂಗಳನ ಹತ್ತಿರ ಹೋದ ಕಲ್ಲನ್ನು ನಾನು ಅಳಿಸಿಬಿಡುತ್ತೇನೆ. ಶುದ್ಧ ಕಳ್ಳದಾರಿ, ಗೊತ್ತು.

ಜುಲೈ 29

ನಡುವೆ ಎರಡು ಸಲ ಕರೆಂಟು ಹೋಯಿತು. ಬ್ಯಾಟರಿಯೂ ಮುದುಕ. ಈಗ ಮಾದರಿಯೊಳಗಿನ ಪ್ರತಿ ಹತ್ತು ಸಾವಿರ ವರ್ಷಕ್ಕೊಮ್ಮೆ ಫೈಲ್ ಉಳಿಸುತ್ತಿದ್ದೇನೆ. ನಿನ್ನೆ ರಾತ್ರಿ ಹತ್ತು ಲಕ್ಷ ವರ್ಷ ಮುಗಿಯಿತು. 2.5ರ ಹತ್ತಿರ ಗ್ರಾಫ್ ಕುಸಿದಿದೆ! 3.28ರಲ್ಲಿ, ಎರಡಕ್ಕೊಂದು ಸುತ್ತಿನ ಜಾಗ, ಇನ್ನೂ ಸರಿಯಾಗಿ ಖಾಲಿಯಾಗಿಲ್ಲ. ಅಲ್ಲಿ ಎಲ್ಲ ನಿಧಾನ.

ಖುಷಿ ಅರ್ಧ ದಿನವೂ ಉಳಿಯಲಿಲ್ಲ. 600ರಲ್ಲಿ ಹೋದದ್ದು ಹತ್ತರಲ್ಲೊಂದೂ ಇಲ್ಲ. ಸುತ್ತಲಿನ ಗ್ರಹಗಳ ಲೆಕ್ಕದಲ್ಲಿ ಅಲ್ಲಿ ಹೆಚ್ಚುಕಡಿಮೆ ಭೂಮಿಯಷ್ಟು ವಸ್ತು ಇರಬೇಕಿತ್ತು. ಉಳಿದದ್ದು ಚಂದ್ರನ ಶೇ. 3. ನನ್ನ ಗುರು ಕೂತಲ್ಲೇ ಕೂತು ಗೆರೆ ಕೊರೆಯುತ್ತಾನೆ, ಅಂಗಳ ಗುಡಿಸುವುದಿಲ್ಲ. 2011ರ ಒಂದು ಮಾದರಿಯಲ್ಲಿ ಎಳೆಯ ಗುರು 1.5ರವರೆಗೆ ಒಳಗೆ ಬಂದು, ಶನಿಯ ದೆಸೆಯಿಂದ ಹಿಂದೆ ತಿರುಗುತ್ತಾನೆ. ಅಲ್ಲಿ ಮೊದಲಿನಿಂದಲೂ ವಸ್ತು ಕಡಿಮೆಯೇ ಇತ್ತು ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಇಷ್ಟ, ಆಡಿಸಲು ಮಜಾ ಜಾಸ್ತಿ.

ಅಕ್ಕನ ಮಗಳು ಪಕ್ಕದಲ್ಲಿ ಕೂತು, "ಮಾಮ, ಬೇರೆ ನಕ್ಷತ್ರಕ್ಕೂ ಪಟ್ಟಿ ಉಂಟಾ?" ಎಂದಳು. ಉಂಟು ಮಾರಾಯ್ತಿ. ಫೋಮಲ್‌ಹಾಟ್ ಎಂಬ ನಕ್ಷತ್ರದ ಸುತ್ತ ಒಂದರೊಳಗೊಂದು ಮೂರು ಧೂಳಿನ ಪಟ್ಟಿ ಇರುವುದನ್ನು 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೋರಿಸಿತು. ನವೆಂಬರಿನಲ್ಲಿ ಮಲ್ಪೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಆ ನಕ್ಷತ್ರ ಬರಿಗಣ್ಣಿಗೇ ಕಾಣುತ್ತದೆ. ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟಿದ್ದೇನೆ. ಅಷ್ಟರೊಳಗೆ ಕೋಡಿಗೆ ಶನಿಯನ್ನು ಸೇರಿಸಬೇಕು.