ಹಿತ್ತಲ ಬೇವಿನ ಮರ: ಹಳೇ ಹಗ್ಗದ ಕೆಲಸ ಎಲ್ಲಿಗೆ ಬಂತು?

ಹಿತ್ತಲ ಬೇವಿನ ಮರದ ಟೊಂಗೆ ಕಡಿದು, ಹಗ್ಗ ಕಟ್ಟಿ ಕೆಳಗಿಳಿಸಬೇಕಿದೆ. ಆ ಕೆಲಸಕ್ಕೆ ಆದೀತೇ ಅಂತ, ಬಾದಾಮಿಯಲ್ಲಿ ಬಂಡೆ ಹತ್ತುವ ಗೆಳೆಯ ಕೊಟ್ಟಿದ್ದ 60 ಮೀಟರ್ ಹಳೇ ಹಗ್ಗವನ್ನು ಕಳೆದ ಭಾನುವಾರ ತೊಳೆದೆ. ಮೂರು ಸಲ ನೀರು ಬದಲಿಸಿದರೂ ಬಕೆಟ್ಟು ಕೆಂಪಾಗುತ್ತಲೇ ಇತ್ತು. ಎಲ್ಲಾ ಅಲ್ಲಿನ ಮರಳುಗಲ್ಲಿನ ಪುಡಿ. ಅದು ಹೊರಕವಚದ ಸಂದಿಯಲ್ಲಿ ಕೂತರೆ, ಹಗ್ಗ ಬಾಗಿದಾಗೆಲ್ಲ ಒಳಗಿನ ಎಳೆಗಳನ್ನು ಕೊಯ್ಯುತ್ತದೆ. ನೈಲಾನ್‌ಗೆ ನಮ್ಮ ಬಾಗಲಕೋಟೆ ಬಿಸಿಲು ಒಳ್ಳೆಯದಲ್ಲ, ಹಾಗಾಗಿ ಪಡಸಾಲೆಯ ನೆರಳಲ್ಲೇ ಒಣಗಿಸಿದೆ.

ನಿನ್ನೆ ಇಡೀ ಸಂಜೆ ಅದನ್ನು ನೋಡುವುದರಲ್ಲೇ ಹೋಯಿತು. ಒಂದೊಂದೇ ಗೇಣು ಬೆರಳಲ್ಲಿ ಒತ್ತಿ, ಮಡಚಿ ನೋಡುತ್ತಾ ಬಂದೆ. ಗಟ್ಟಿ ಇರುವ ಕಡೆ ಹಗ್ಗ ದುಂಡಗೆ ಬಾಗುತ್ತದೆ. 22 ಮೀಟರ್ ಹತ್ತಿರ ಮಾತ್ರ ಖಾಲಿ ಪೈಪಿನ ಹಾಗೆ ಚಪ್ಪಟೆಯಾಗಿ ಮಡಚಿಕೊಂಡಿತು. ಹೊರಗೆ ಒಂದು ಗೀರೂ ಇಲ್ಲ! ಒಳಗೆ ಎಳೆಗಳು ಹಾಳಾಗಿವೆ. ಆ ಜಾಗದ ಎರಡೂ ಬದಿ ಒಂದೊಂದು ಮೀಟರ್ ಸೇರಿಸಿ ಕತ್ತರಿಸಿ ತೆಗೆದೆ. ಪಕ್ಕದ ಮನೆ ಕಾಕಾ ನೋಡಿ, "ಏ ತಮ್ಮಾ, ಇಷ್ಟು ಗಟ್ಟಿ ಹಗ್ಗಾ ಯಾಕ ಕತ್ತರಸ್ತಿ?" ಅಂದರು. ಮಡಚಿ ತೋರಿಸಿದ ಮೇಲೆ ಸುಮ್ಮನಾದರು.

ಉಳಿದದ್ದು ಚೆನ್ನಾಗಿದೆ. ಆದರೂ ಟೊಂಗೆ ಇಳಿಸಲು ಅದನ್ನು ಬಳಸುವುದಿಲ್ಲ. ಬಿದ್ದವನಿಗೆ ಜೋರು ಏಟಾಗದಿರಲಿ ಅಂತ ಬಂಡೆ ಹತ್ತುವ ಹಗ್ಗವನ್ನು ಭಾರಕ್ಕೆ ಜಗ್ಗಿ ಉದ್ದವಾಗುವ ಹಾಗೇ ಮಾಡಿರುತ್ತಾರೆ. ನಮ್ಮ ಮರದ ಕೆಳಗೆ ತಗಡಿನ ಶೀಟಿದೆ. ಶೀಟಿಗಿಂತ ಮೊಳ ಮೇಲೆ ನಿಲ್ಲಬೇಕಾದ ತುಂಡು, ಹಗ್ಗ ಜಗ್ಗಿದರೆ ಶೀಟಿನ ಮೇಲೇ ಕೂರುತ್ತದೆ, ಅಲ್ವಾ? 30 ಸೆಂಟಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ಹಸಿ ತುಂಡು ಸುಮಾರು 70 ಕಿಲೋ ತೂಗುತ್ತದೆ. ಬೀಳುತ್ತಾ ಬಂದದ್ದನ್ನು ತಡೆದರೆ ಎಳೆತ ಅದರ ಎಷ್ಟೋ ಪಟ್ಟು. ಹಗ್ಗ ಹಾಯಿಸಲು ಮರದ ಮೇಲೆ ಕಟ್ಟುವ ರಾಟೆಯ ಕಟ್ಟಿಗಂತೂ ಎರಡೂ ಕಡೆಯ ಎಳೆತ ಸೇರುತ್ತದೆ. ಜೊತೆಗೆ ಗಂಟು ಹಾಕಿದ ಕಡೆ ಹಗ್ಗದ ಬಲ ಮೂರನೇ ಒಂದು ಭಾಗದಷ್ಟು, ಕೆಲವು ಗಂಟಿಗೆ ಇನ್ನೂ ಜಾಸ್ತಿ, ಕಡಿಮೆಯಾಗುತ್ತದೆ. ಅದಕ್ಕೇ ಹಗ್ಗ ತುಂಡಾಗುವ ಭಾರದ ಹತ್ತನೇ ಒಂದು ಭಾಗ ಮಾತ್ರ ಹೊರಿಸಬೇಕು ಅನ್ನೋ ಲೆಕ್ಕ. ಇಳಿಸೋಕೆ ಹೊಸ ಪಾಲಿಯೆಸ್ಟರ್ ಹಗ್ಗ ತಂದಿದ್ದೇನೆ. ಮರ ಹತ್ತುವ ಗೆಳೆಯನಿಗೆ ಅವನದೇ ಬೇರೆ ಹಗ್ಗ.

ಹಳೆಯದರ ಗಿಡ್ಡ ತುಂಡು ಟೊಂಗೆಯನ್ನು ಪಕ್ಕಕ್ಕೆ ಎಳೆದು ದಾರಿ ತೋರಿಸಲು, ಉದ್ದದ್ದು ಗರಗಸ ಮೇಲೆ ಕಳಿಸಲು. ಎರಡರ ತುದಿಗೂ ಕೆಂಪು ಟೇಪು ಸುತ್ತಿ, ಗರಗಸದ ಪಕ್ಕದ ಮೊಳೆಗೆ ನೇತುಹಾಕಿದೆ. ಹೊಸದನ್ನು ಬೇರೆ ಚೀಲದಲ್ಲಿಟ್ಟೆ. ಗಾಳಿ ಇಲ್ಲದಿದ್ದರೆ ಬರುವ ಭಾನುವಾರ ಬೆಳಿಗ್ಗೆ ಶೀಟಿನ ಮೇಲಿನ ಟೊಂಗೆ ಇಳಿಸುತ್ತೇವೆ.