ಅಮ್ಮ ಕೇಳಿದ್ಳು, ಈ ಚಳೀಲಿ ಫ್ಯಾನ್ ಯಾಕೋ ಹಾಕಿದೀಯ?

ರಾತ್ರಿ ಎರಡೂವರೆ ಇರ್ಬೇಕು, ಹಿಂದಿನ ಹಾಸಿಗೆಯಿಂದ ಅಮ್ಮನ ದನಿ ಬಂತು, "ಏನೋ, ಈ ಚಳೀಲಿ ಫ್ಯಾನ್ ಯಾಕೋ ಹಾಕಿದೀಯ?" ನಾನು ಫ್ಯಾನ್ ಹಾಕಿರ್ಲಿಲ್ಲ, ಅದು ನಮ್ಮ ಆರ್‌ವಿಯ, ಅಂದ್ರೆ ಮನೆ ಹಾಗೆ ವಾಸ ಮಾಡೋ ಗಾಡಿಯ, ಫರ್ನೇಸ್ (ಗ್ಯಾಸ್ ಉರಿಸಿ ಬಿಸಿ ಗಾಳಿ ಬಿಡೋ ಹೀಟರ್) ಓಡ್ತಿದ್ದ ಸದ್ದು. ಎದ್ದು ನೆಲದ ಹತ್ರದ ಜಾಲರಿಗೆ ಕೈ ಇಟ್ಟೆ, ತಣ್ಣನೆ ಗಾಳಿ ಭುಸ್ ಅಂತ ಬರ್ತಿದೆ. ಹೊರಗಡೆ ಸೊನ್ನೆಗಿಂತ 4 ಡಿಗ್ರಿ ಕೆಳಗೆ, ಒಳಗಡೆ ಆಗ್ಲೇ 9ಕ್ಕೆ ಇಳಿದಿತ್ತು, ಅಮ್ಮನಿಗೆ ಮೊದಲೇ ಚಳಿ ಅಂದ್ರೆ ಮಂಡಿ ಹಿಡ್ಕೊಳತ್ತೆ.

ಗ್ಯಾಸ್ ಖಾಲಿ ಅಂದ್ಕೊಂಡು ಟಾರ್ಚ್ ತಗೊಂಡು ಹೊರಗೆ ಹೋಗಿ ಸಿಲಿಂಡರ್ ಬದಲಾಯಿಸಿ ಬಂದೆ. ಇಪ್ಪತ್ತು ನಿಮಿಷ ಹೋಯ್ತು, ಏನೂ ಆಗ್ಲಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಒಲೆ ಹಚ್ಚಿ ನೋಡಿದ್ಳು, "ರೀ, ಉರಿ ನೀಲಿಯಾಗಿ ಚೆನ್ನಾಗೇ ಇದೆಯಲ್ರೀ, ಗ್ಯಾಸಿದ್ದಲ್ಲ ಸಮಸ್ಯೆ." ಹೌದಲ್ವಾ, ಅದನ್ನೇ ಮೊದಲು ನೋಡ್ಬೇಕಿತ್ತು. ಸಿಲಿಂಡರ್‌ನಲ್ಲಿರೋ ಪ್ರೊಪೇನ್ ಗ್ಯಾಸ್ ಆವಿಯಾಗೋದು ನಿಲ್ಬೇಕಂದ್ರೆ ಮೈನಸ್ 42ರ ಚಳಿ ಬೇಕು, ನಮ್ಮ ಚಳಿಗೆ ಅದೇನೂ ಆಗಲ್ಲ.

ಒಲೆ ಹೇಗೂ ಹತ್ತಿದೆ, ಸ್ವಲ್ಪ ಹೊತ್ತು ಹಾಗೇ ಬಿಡೋಣ, ಬೆಚ್ಚಗಾಗತ್ತೆ ಅಂದ್ಳು. ಬೇಡ್ವೇ ಬೇಡ ಅಂತ ಆಫ್ ಮಾಡಿಸ್ದೆ. ಮುಚ್ಚಿದ ಪುಟ್ಟ ಜಾಗದಲ್ಲಿ ಒಲೆ ಉರೀತಾ ಇದ್ರೆ ಆಮ್ಲಜನಕ ಕಮ್ಮಿ ಆಗ್ತಾ ಕಾರ್ಬನ್ ಮಾನಾಕ್ಸೈಡ್ ತುಂಬ್ಕೊಳತ್ತೆ, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ. ಚಳಿ ಆದ್ರೆ ಇನ್ನೊಂದು ಕಂಬಳಿ ಹೊದೀಬಹುದು, ಈ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲ್ಲ. ಕಾರ್ಬನ್ ಮಾನಾಕ್ಸೈಡ್ ಬಂದ್ರೆ ಎಚ್ಚರಿಸೋ ಅಲಾರಂನ ಟೆಸ್ಟ್ ಬಟನ್ ಒತ್ತಿ ಅದು ಕೂಗತ್ತೆ ಅಂತ ಖಾತ್ರಿ ಮಾಡ್ಕೊಂಡೇ ಮುಂದಿನ ಕೆಲಸಕ್ಕೆ ಹೋಗಿದ್ದು.

ಥರ್ಮೋಸ್ಟಾಟ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಫರ್ನೇಸ್ ಪಕ್ಕ ನೆಲದ ಮೇಲೆ ಕೂತು ಕಿವಿಗೊಟ್ಟು ಕೇಳಿದೆ. ಸರಿ ಇದ್ದಾಗ ಅದರ ಕ್ರಮ ಹೀಗೆ, ಮೊದಲು ಬ್ಲೋವರ್, ಅಂದ್ರೆ ಒಳಗಿನ ಫ್ಯಾನ್, ತಿರುಗತ್ತೆ, ಸುಮಾರು 15 ಸೆಕೆಂಡ್ ಬರೀ ಗಾಳಿ, ಆಮೇಲೆ ಟಿಕ್ ಟಿಕ್ ಟಿಕ್ ಅಂತ ಕಿಡಿ, ಗುಪ್ ಅಂತ ಉರಿ. ಟಿಕ್ ಟಿಕ್ ಬಂದು ಉರಿ ಹತ್ತದೇ ಇದ್ರೆ ಗ್ಯಾಸೋ ಕಿಡಿ ಕೊಡೋ ಇಗ್ನೈಟರೋ ನೋಡ್ಬೇಕು. ನಮ್ಮದ್ರಲ್ಲಿ ಟಿಕ್ಕೇ ಇಲ್ಲ, ಅಂದ್ರೆ ಕಿಡಿ ಕೊಡೋ ಹಂತಕ್ಕೇ ಅದು ಹೋಗಿಲ್ಲ. ಬ್ಲೋವರ್ ದನಿ ಬೇರೆ ಸ್ವಲ್ಪ ಕುಗ್ಗಿದ ಹಾಗಿತ್ತು. ಮೀಟರ್ ಹಿಡಿದ್ರೆ ಬ್ಯಾಟರಿ 11.1 ವೋಲ್ಟ್. ಸಿಕ್ತು ಕಳ್ಳ ಅಂದ್ಕೊಂಡೆ. ಹತ್ತಿರದಲ್ಲಿ ಬೇರೆ ಯಾರ ಗಾಡೀನೂ ಇರ್ಲಿಲ್ಲ, ಎಂಜಿನ್ ಸ್ಟಾರ್ಟ್ ಮಾಡ್ದೆ, ವೋಲ್ಟೇಜ್ 13.6ಕ್ಕೆ ಏರ್ತು, ಬ್ಲೋವರ್ ಜೋರಾಯ್ತು, ಟಿಕ್ ಟಿಕ್, ಗುಪ್. ಅಮ್ಮ ಮಲಗಿದ್ಳು. ನಾನು ಮಲಗದೆ ಅಲಾರಂ ಕಡೆ ಒಂದು ಕಣ್ಣಿಟ್ಟು ಕೂತಿದ್ದು ಐದು ಗಂಟೆಗೆ ಎಂಜಿನ್ ನಿಲ್ಲಿಸ್ದೆ.

ಆರಕ್ಕೆ ಮತ್ತೆ ತಣ್ಣನೆ ಗಾಳಿ. ಈ ಸಲ ಬ್ಯಾಟರಿ 11.6. ಬೆಳಕು ಹರೀತಿದ್ದ ಹಾಗೆ ಮ್ಯಾನುಯಲ್ ತೆಗೆದು ಓದಿದ್ರೆ 10.5 ವೋಲ್ಟ್ ತನಕ ನಡೀಬೇಕು ಅಂತಿದೆ. ಅಂದ್ರೆ 11.1ಕ್ಕೆ ಮೊದಲ ಸಲ ನಿಂತಾಗ್ಲೇ ಬ್ಯಾಟರಿ ಮೇಲೆ ಪೂರ್ತಿ ತಪ್ಪು ಹೊರಿಸಿದ್ದು ಸರಿಯಿರ್ಲಿಲ್ಲ, ಅದರ ಹಿಂದೆ ಇನ್ನೇನೋ ಇತ್ತು.

ಅದೇ ಸೈಲ್ ಸ್ವಿಚ್. ಬ್ಲೋವರ್ ಗಾಳೀಲಿ ನಿಂತಿರೋ ಒಂದು ತೆಳು ತಗಡಿನ ರೆಕ್ಕೆ, ಗಾಳಿ ತಳ್ಳಿದಾಗ ಬಾಗಿ ಸ್ವಿಚ್ ಒತ್ತತ್ತೆ. ಬ್ಲೋವರ್ ತನ್ನ ವೇಗದ ಮುಕ್ಕಾಲು ಪಾಲಾದ್ರೂ ಮುಟ್ಟಿದೆ ಅಂತ ಇದು ಹೇಳೋ ತನಕ ಫರ್ನೇಸ್ ನಡೆಸೋ ಎಲೆಕ್ಟ್ರಾನಿಕ್ ಬೋರ್ಡ್ ಗ್ಯಾಸ್ ಬಿಡಲ್ಲ. ಗಾಳಿ ಇಲ್ಲದೆ ಉರಿ ಹತ್ತಿದ್ರೆ ಒಳಗಿನ ಚೇಂಬರ್ ಕಾದು ಹಾಳಾಗತ್ತಲ್ಲ, ಅದಕ್ಕೆ ಈ ಕಾವಲು.

ಸಿಲಿಂಡರ್ ಬಂದ್ ಮಾಡಿ, ಫ್ಯೂಸ್ ಕಿತ್ತು, ಹೊರಗಿನ ಮುಚ್ಚಳ ತೆಗೆದೆ. ಹೊಗೆ ಹೋಗೋ ಕೊಳವೇಲಿ ಕಣಜ ಗೂಡು ಕಟ್ಟಿದ್ಯಾ ಅಂತಾನೂ ನೋಡ್ದೆ, ಇರ್ಲಿಲ್ಲ. ನಮ್ಮ ಮಾಡೆಲ್‌ನಲ್ಲಿ ಎರಡು ಸ್ಕ್ರೂ ಬಿಚ್ಚಿದ್ರೆ ಸ್ವಿಚ್ ಕೈಗೆ ಬರತ್ತೆ. ರೆಕ್ಕೆಯ ಬುಡದಲ್ಲಿ ನಮ್ಮ ನಾಯಿಯ ಬಿಳಿ ಕೂದಲು ಮೂರ್ನಾಲ್ಕು ಸುತ್ತು ಸುತ್ಕೊಂಡು, ಅದರ ಮೇಲೆ ಬೂದು ಧೂಳು ಹತ್ತಿಯ ಹಾಗೆ ಕೂತಿತ್ತು. ಬೆರಳಲ್ಲಿ ತಳ್ಳಿದ್ರೆ ರೆಕ್ಕೆ ಬಾಗ್ತಿತ್ತು, ಆದ್ರೆ ಅರ್ಧದಲ್ಲಿ ಬಿಗಿ. ಬ್ಯಾಟರಿ ತುಂಬಿದ್ದಾಗ ಗಾಳಿಯ ಜೋರಿಗೆ ಆ ಬಿಗಿ ದಾಟ್ತಿತ್ತು, ಇಳಿದಾಗ ದಾಟ್ಲಿಲ್ಲ, ಅದಕ್ಕೇ ಮಲಗೋವಾಗ ಸರಿಯಿದ್ದದ್ದು ನಡುರಾತ್ರಿ ಕೈಕೊಡ್ತು. ಟ್ವೀಜರ್‌ನಲ್ಲಿ ಒಂದೊಂದೇ ಎಳೆ ಬಿಡಿಸ್ದೆ, ರೆಕ್ಕೆ ಬಗ್ಗದ ಹಾಗೆ ಮೆತ್ತನೆ ಬ್ರಷ್ ಆಡಿಸ್ದೆ. ಈಗ ಉಫ್ ಅಂತ ಊದಿದ್ರೇ ಕ್ಲಿಕ್ ಅಂತು.

ಎಲ್ಲ ಜೋಡಿಸಿ, ಬೇಕಂತಲೇ ಎಂಜಿನ್ ಹಾಕದೆ 11.5ರಲ್ಲೇ ಆನ್ ಮಾಡ್ದೆ. ಹದಿನೈದು ಎಣಿಸೋ ಅಷ್ಟರಲ್ಲಿ ಟಿಕ್ ಟಿಕ್, ಗುಪ್. ಅಮ್ಮ ಜಾಲರಿ ಮುಂದೆ ಎರಡೂ ಕಾಲು ಚಾಚಿ ಕೂತು, "ಹಾಂ, ಇದು ನೋಡು" ಅಂದ್ಳು.

ಒಳಗೆ ಗಾಳಿ ಎಳ್ಕೊಳೋ ಜಾಲರಿಗೆ ತೆಳು ಬಟ್ಟೆ ಕಟ್ಟಿಬಿಡೋಣ ಅಂದ್ಲು ಹೆಂಡತಿ, ಕೂದಲು ಹೋಗಲ್ಲ ಅಂತ. ಆದ್ರೆ ಬಟ್ಟೆ ಕಟ್ಟಿದ್ರೆ ಗಾಳೀನೇ ಕಮ್ಮಿ ಆಗಿ ಮತ್ತೆ ಇದೇ ಕಥೆ, ಇಲ್ಲಾಂದ್ರೆ ಒಳಗೆ ಜಾಸ್ತಿ ಕಾದು ಅತಿ ಬಿಸಿ ತಡೆಯೋ ಲಿಮಿಟ್ ಸ್ವಿಚ್ ಉರಿ ಆರಿಸಿಬಿಡತ್ತೆ. ಅದಕ್ಕೆ ಆ ಜಾಲರಿ ಮುಂದೇ ಇದ್ದ ನಾಯಿ ಹಾಸಿಗೆಯನ್ನ ಡ್ರೈವರ್ ಸೀಟಿನ ಹಿಂದಕ್ಕೆ ಸಾಗಿಸಿದ್ವಿ. ಎರಡು ರಾತ್ರಿ ಅದು ಹಳೇ ಜಾಗಕ್ಕೇ ಹೋಗಿ ಮಲಗ್ತು, ಮೂರನೇ ರಾತ್ರಿಗೆ ಒಪ್ಕೊಳ್ತು.