ಅಪ್ಪನ ಬೋನಸ್

ಜೂನ್ 14, 2024, ಶುಕ್ರವಾರ
ನಾಪೋಕ್ಲು

ಮಧ್ಯಾಹ್ನದಿಂದ ಕರೆಂಟಿಲ್ಲ. ಮಳೆ ಒಂದೇ ಸಮನೆ ಹೊಡೀತಿದೆ.

ಕಾರಿನ ಇನ್ಶೂರೆನ್ಸ್ 28ಕ್ಕೆ ಮುಗಿಯುತ್ತದೆ. "ಆನ್‌ಲೈನಲ್ಲಿ ಕಟ್ಟಿಬಿಡಕ್ಕಾ, ಐದು ನಿಮಿಷ" ಎಂದು ತಮ್ಮ ಎರಡು ಸಲ ಫೋನ್ ಮಾಡಿದ. ಕೂತೆ. ಗಾಡಿ ನಂಬರ್ ಹಾಕಿದ ಕೂಡಲೇ ಮಾಲೀಕರು ಅನ್ನೋ ಜಾಗದಲ್ಲಿ ಅಪ್ಪನ ಹೆಸರು ಬಂತು. ಮುಂದೆ ಒತ್ತಲು ಕೈ ಏಳಲಿಲ್ಲ. ಕೊಡೆ ತಗೊಂಡು ಪೇಟೆಗೆ ಹೋದೆ, ಏಜೆಂಟ್ ಅಂಕಲ್ ಹತ್ತಿರ.

ಅಪ್ಪನ ಫೈಲ್ ಮೇಜಿನ ಮೇಲೇ ಇತ್ತು. ಮಳೆಗೆ ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು.

"ಬರ್ತೀಯ ಅಂತ ಗೊತ್ತಿತ್ತು ಮಗಳೇ. ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ ಅಲ್ವಾ?"

ಹೌದು ಎಂದೆ. ಚೆನ್ನಾಗಿ ಬೈದರು. ಮಾಲೀಕರು ತೀರಿಕೊಂಡರೆ ಪಾಲಿಸಿ ಮೂರೇ ತಿಂಗಳು ನಡೆಯೋದು, ಅದೂ ಅಷ್ಟರೊಳಗೆ ಅವಧಿ ಮುಗಿಯದಿದ್ದರೆ. ಅಪ್ಪ ಹೋಗಿದ್ದು ಏಪ್ರಿಲ್ 9ಕ್ಕೆ. ಇಲ್ಲದವರ ಹೆಸರಲ್ಲಿ ಹಣ ಕಟ್ಟಿ ನಾಳೆ ಏನಾದರೂ ಆದರೆ ಕ್ಲೈಮಿಗೆ ಯಾರು ಸಹಿ ಹಾಕೋದು? ನಾನು ಇದನ್ನು ಯೋಚಿಸಿರಲೇ ಇಲ್ಲ. ಗಾಡಿಯನ್ನು ನನ್ನ ಹೆಸರಿಗೆ ಮಾಡಿಸೋಕೆ ಮಡಿಕೇರಿ ಆರ್‌ಟಿಓದಲ್ಲಿ 31ನೇ ಫಾರಂ ಕೊಡಬೇಕು, ಜೊತೆಗೆ ಮರಣ ಪ್ರಮಾಣಪತ್ರ, ಅಮ್ಮನದೂ ತಮ್ಮನದೂ ಒಪ್ಪಿಗೆ.

ಆಮೇಲೆ ಅವರ ದನಿ ಮೆತ್ತಗಾಯಿತು. ಹಳೇ ಪಾಲಿಸಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ನೋ ಕ್ಲೈಮ್ ಬೋನಸ್, ಶೇ. 50. ಕ್ಲೈಮ್ ಮಾಡದೆ ಕಳೆದ ವರ್ಷಗಳಿಗೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯಿತಿ.

"ಇದು ನಿಂಗೆ ಬರ್ತದೆ. ಕಾರು ಮಾರಿದರೆ ಕೊಂಡವರಿಗೆ ಹೋಗೋದಿಲ್ಲ. ಮಕ್ಕಳ ಹೆಸರಿಗಾದರೆ ಬರ್ತದೆ. ಅಪ್ಪ ಉಳಿಸಿಟ್ಟದ್ದು."

2019ರ ಆಗಸ್ಟಲ್ಲಿ ಸಿಲ್ವರ್ ಮರದ ಕೊಂಬೆ ಬಿದ್ದು ಬಾನೆಟ್ ತಗ್ಗಾಗಿತ್ತು. ಕ್ಲೈಮ್ ಮಾಡಿ ಎಂದು ನಾನೇ ಜಗಳ ಆಡಿದ್ದೆ. ಒಂದು ಕ್ಲೈಮ್ ಮಾಡಿದರೆ ಬೋನಸ್ ಪೂರ್ತಿ ಹೋಗ್ತದೆ ಎಂದು ಅಪ್ಪ ಕೇಳಲಿಲ್ಲ. ಸುಮ್ನೆ ಜಿಪುಣತನ ಅಂದುಕೊಂಡಿದ್ದೆ. ಬಾಯಿಬಿಟ್ಟು ಹೇಳಿಯೂ ಇದ್ದೆ.

ಥರ್ಡ್ ಪಾರ್ಟಿಯ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ಹಾನಿಗೆ ಕಟ್ಟೋ, 3,416 ರೂಪಾಯಿಗೆ ಬೋನಸ್ ತಾಗುವುದಿಲ್ಲ. ನಮ್ಮ 1,200 ಸಿಸಿ ಕಾರಿಗೆ ಯಾವ ಕಂಪನಿಗೆ ಹೋದರೂ ಅಷ್ಟೇ. ಉಳಿದದ್ದರಲ್ಲಿ, ನಮ್ಮ ಗಾಡಿಯ ಡ್ಯಾಮೇಜಿಗೆ ಕಟ್ಟೋದರಲ್ಲಿ, ಅರ್ಧ ಕಡಿಮೆ. ಅಂಕಲ್ ಕ್ಯಾಲ್ಕುಲೇಟರ್ ಒತ್ತುತ್ತಿದ್ದರು. ನನಗೆ ಅಂಕಿಗಳೆಲ್ಲ ಮಂಜಾಗಿ ಕಾಣುತ್ತಿದ್ದವು.

"ಇಂಜಿನ್ ಕವರ್ ಸೇರಿಸ್ಲಾ? ಚೆರಿಯಪರಂಬು ರಸ್ತೆಗೆ ಹೊಳೆ ನೀರು ಬಂದಾಗ ದಾಟೋಕೆ ಹೋಗ್ತೀರಿ, ಗಾಡಿ ಆಫ್ ಆಗ್ತದೆ, ಮತ್ತೆ ಸ್ಟಾರ್ಟ್ ಮಾಡ್ತೀರಿ. ಇಂಜಿನ್ ಹೋಯ್ತು. ಮಾಮೂಲಿ ಪಾಲಿಸಿಲಿ ಅದಕ್ಕೆ ಸಿಗೋದಿಲ್ಲ."

ಸೇರಿಸಿ ಎಂದೆ. ಕವರ್ ಇದ್ದರೂ ನೀರಿಗೆ ಇಳಿಸಬೇಡ, ಅಕಸ್ಮಾತ್ ನಿಂತರೆ ಕೀ ಮುಟ್ಟಬೇಡ, ತಳ್ಳಿಸಿಕೊಂಡು ಬಂದು ಫೋನ್ ಮಾಡು ಎಂದು ಎರಡೆರಡು ಸಲ ಹೇಳಿದರು. ಇಂಥ ಮಾತು ಆ ಮೊಬೈಲ್ ಸ್ಕ್ರೀನ್ ಹೇಳುತ್ತಿತ್ತಾ? ಜಾಸ್ತಿ ದುಡ್ಡಾದರೂ ಪರವಾಗಿಲ್ಲ, ನಾನು ಇವರ ಹತ್ತಿರವೇ ಮಾಡಿಸುವುದು.

ರಾತ್ರಿ ಅಮ್ಮ ಒಪ್ಪಿಗೆ ಪತ್ರವನ್ನು ಟಾರ್ಚ್ ಬೆಳಕಲ್ಲಿ ಓದಿದರು. ಅಪ್ಪನ ಹೆಸರಿನ ಹಿಂದೆ "ದಿ." ಅಂತ ಇದೆ. ಬೆರಳು ಅಲ್ಲೇ ನಿಂತಿತು.

"ಕಾರು ಮಾರೋದಿಲ್ಲ ತಾನೇ?"

ಇಲ್ಲಮ್ಮ ಎಂದೆ. ಸಹಿ ಹಾಕಿದರು. ನಾಳೆ ಮಡಿಕೇರಿಗೆ ಹೋಗಬೇಕು. ಬಸ್ಸಲ್ಲೇ ಹೋಗ್ತೀನಿ. ಆ ಬಾನೆಟ್ ತಗ್ಗನ್ನು ಮಾತ್ರ ಹಾಗೇ ಬಿಡ್ತೀನಿ.